ಪ್ಯಾಡ್ ಎಲ್ಲಿ, ಕರೆಂಟ್ ಎಷ್ಟು: ಬೆನ್ನುಹುರಿಗೆ ಪೆಟ್ಟಾದ ಮೇಲೆ ಬರುವ ಕಾಲಿನ ಬಿಗಿತಕ್ಕೆ

ಬೆಳಿಗ್ಗೆ ಹೊದಿಕೆ ಸರಿಸಿದರೆ ಸಾಕು, ನನ್ನ ಎರಡೂ ಕಾಲು ಕೋಲಿನ ಹಾಗೆ ನೆಟ್ಟಗಾಗುತ್ತಿದ್ದವು. ಮೊಣಕಾಲು ಒಂದಕ್ಕೊಂದು ಒತ್ತಿಕೊಂಡು ಪಾದಗಳು ಕತ್ತರಿ ಹಾಕುತ್ತಿದ್ದವು. ತಮ್ಮ ಒಂದು ಕಾಲು ಮಡಿಸಲು ಹೋದರೆ ಇನ್ನೊಂದು ಹಾರುತ್ತಿತ್ತು. ಹೇಗೋ ಗಾಲಿಕುರ್ಚಿಗೆ ಬಂದು ಕೂತರೆ ಬಲಪಾದ ಫುಟ್‌ರೆಸ್ಟ್ ಮೇಲೆ ಟಕಟಕ ಕುಣಿಯಲು ಶುರು. ಹೊಲಿಗೆ ಮಷಿನ್ ತುಳಿದ ಹಾಗೆ, ಸೆಕೆಂಡಿಗೆ ಐದಾರು ಸಲ. ಮೊಣಕಾಲಿನ ಮೇಲೆ ಕೈಯಿಟ್ಟು ಜೋರಾಗಿ ಒತ್ತಿ, ಹಿಮ್ಮಡಿ ಕೆಳಗೆ ಕೂರುವವರೆಗೆ ಅದು ನಿಲ್ಲುತ್ತಿರಲಿಲ್ಲ.

ನಾನು ಏಣಿಯಿಂದ ಬಿದ್ದು ಏಳು ವರ್ಷವಾಯಿತು. ಗಾಯ ಟಿ5 ಮಟ್ಟದಲ್ಲಿ, ಅಂದರೆ ಬೆನ್ನುಹುರಿಯ ಎದೆಭಾಗದ ಐದನೇ ಮಟ್ಟ. ಅಂಕಿ ಚಿಕ್ಕದಾದಷ್ಟೂ ಗಾಯ ಮೇಲೆ. ಎದೆಯಿಂದ ಕೆಳಗೆ ಸ್ಪರ್ಶ ಗೊತ್ತಾಗುವುದಿಲ್ಲ, ಬೇಕೆಂದಾಗ ಕಾಲು ಆಡುವುದಿಲ್ಲ. ಬೇಡವೆಂದಾಗ ಮಾತ್ರ ಆಡುತ್ತದೆ. ಆ ಬಿಗಿತಕ್ಕೆ ಐದು ವರ್ಷದಿಂದ, ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಕೊಡುವ ಮಷಿನ್ ಬಳಸುತ್ತಿದ್ದೇನೆ. ಮೊದಲ ಆರು ತಿಂಗಳು ತಪ್ಪು ಮಾಡಿಯೇ ಕಲಿತೆ. ಆಗ ಯಾರಾದರೂ ಪಕ್ಕದಲ್ಲಿ ಕೂತು ಏನು ಹೇಳಿದ್ದರೆ ಚೆನ್ನಾಗಿತ್ತೋ ಅದನ್ನು ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ಒಬ್ಬರೇ ಶುರು ಮಾಡಬೇಡಿ. ಮೊದಲ ಒಂದೆರಡು ಸಲ ಫಿಸಿಯೊ ಎದುರಿಗೇ ಮಾಡಿ. ಆಮೇಲೆ ಮನೆಯಲ್ಲಿ ಮಾಡುವಾಗ ಈ ಮಾತುಗಳು ಉಪಯೋಗಕ್ಕೆ ಬರುತ್ತವೆ.

ಕಾಲು ಯಾಕೆ ತಾನಾಗಿಯೇ ಹಾರುತ್ತದೆ

ಇದು ಗೊತ್ತಿದ್ದರೆ ಪ್ಯಾಡ್ ಎಲ್ಲಿ ಅಂಟಿಸಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ. ಸ್ನಾಯುವನ್ನು ಸರ‍್ರನೆ ಎಳೆದರೆ ಅದು ತಿರುಗಿ ತಾನೇ ಬಿಗಿಯಾಗುತ್ತದೆ. ಡಾಕ್ಟರ್ ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿದಾಗ ಕಾಲು ಹಾರುವುದೂ ಇದೇ ಕಾರಣಕ್ಕೆ. ಈ ಲೆಕ್ಕಾಚಾರ ಬೆನ್ನುಹುರಿಯಲ್ಲೇ ಮುಗಿಯುತ್ತದೆ, ಮೆದುಳಿನವರೆಗೆ ಹೋಗಬೇಕಿಲ್ಲ. ಆದರೆ ಮೆದುಳು ಮೇಲಿನಿಂದ ‘ಸಾಕು, ಅಷ್ಟು ಜೋರು ಬೇಡ’ ಅಂತ ಅದನ್ನು ಸದಾ ಹಿಡಿದಿಟ್ಟಿರುತ್ತದೆ. ಪೆಟ್ಟಾದ ಜಾಗದಿಂದ ಕೆಳಗೆ ಆ ಮಾತು ತಲುಪುವುದಿಲ್ಲ. ಹಾಗಾಗಿ ಸಣ್ಣ ಎಳೆತಕ್ಕೂ, ತಣ್ಣನೆ ಗಾಳಿಗೂ, ಚಾದರ ಸೋಕಿದ್ದಕ್ಕೂ ಕಾಲು ಕಿರುಚಿಕೊಳ್ಳುತ್ತದೆ.

ಇಲ್ಲೇ ಇನ್ನೊಂದು ವಿಷಯ. ಬೆನ್ನುಹುರಿಯ ತುದಿಭಾಗಕ್ಕೆ ಅಥವಾ ಅದರ ಕೆಳಗಿನ ನರಗಳ ಗೊಂಚಲಿಗೆ ಪೆಟ್ಟಾದವರ ಕಾಲು ಸಾಮಾನ್ಯವಾಗಿ ಬಿಗಿಯಾಗುವುದಿಲ್ಲ, ಜೋತು ಬೀಳುತ್ತದೆ. ಅಲ್ಲಿ ಸ್ನಾಯುವಿಗೆ ಹೋಗುವ ನರವೇ ಸತ್ತಿರುತ್ತದೆ. ನಾನು ಹೇಳುವ ಮಷಿನ್‌ಗಳು ನರದ ಮೂಲಕವೇ ಕೆಲಸ ಮಾಡುವಂಥವು. ಅಂಥ ಕಾಲಿಗೆ ಇವು ಉಪಯೋಗವಿಲ್ಲ.

ಮಷಿನ್ ಮುಟ್ಟುವ ಮುಂಚೆ ಕಾಲು ಏನು ಹೇಳುತ್ತಿದೆ ಕೇಳಿ

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಿರುವುದು ಇದನ್ನೇ.

ಮೂರನೇ ವರ್ಷದ ಮಳೆಗಾಲದಲ್ಲಿ ಇದ್ದಕ್ಕಿದ್ದ ಹಾಗೆ ಸೆಳೆತ ಜಾಸ್ತಿಯಾಯಿತು. ರಾತ್ರಿ ಆರೇಳು ಸಲ ಎಚ್ಚರ. ಹವಾಮಾನದ್ದೇ ಇರಬೇಕು ಅಂದುಕೊಂಡು ಕರೆಂಟ್ ಏರಿಸಿದೆ. ಒಂದು ಹೊತ್ತು ಇದ್ದದ್ದನ್ನು ಎರಡು ಹೊತ್ತು ಮಾಡಿದೆ. ಮಷಿನ್ ಹಾಕಿದ ಒಂದೆರಡು ಗಂಟೆ ಸಮಾಧಾನ, ಆಮೇಲೆ ಮತ್ತೆ ಅದೇ ಕಥೆ. ಹೀಗೇ ಎರಡು ವಾರ. ಒಂದು ಸಂಜೆ ತಮ್ಮ ಸಾಕ್ಸ್ ಬಿಚ್ಚುತ್ತಾ, ‘ಅಕ್ಕಾ, ಇಲ್ನೋಡು’ ಅಂದ. ಎಡಗಾಲಿನ ಹೆಬ್ಬೆರಳಿನ ಉಗುರು ಒಳಕ್ಕೆ ಬೆಳೆದು ಮಾಂಸಕ್ಕೆ ಚುಚ್ಚಿಕೊಂಡಿತ್ತು. ಬದಿ ಕೆಂಪಗೆ ಊದಿ ಕೀವು ಕಟ್ಟಿತ್ತು. ನನಗೆ ನೋವೇ ಗೊತ್ತಾಗಿರಲಿಲ್ಲ. ಬೆನ್ನುಹುರಿಗೆ ಗೊತ್ತಾಗಿತ್ತು. ಅದಕ್ಕೆ ತಿಳಿದಿರುವ ಒಂದೇ ಭಾಷೆಯಲ್ಲಿ, ಅಂದರೆ ಸೆಳೆತದಲ್ಲಿ, ಅದು ಹೇಳುತ್ತಲೇ ಇತ್ತು. ನಾನು ಕರೆಂಟ್ ಕೊಟ್ಟು ಕೊಟ್ಟು ಅದರ ಬಾಯಿ ಮುಚ್ಚಿಸುತ್ತಿದ್ದೆ. ಉಗುರು ತೆಗೆಸಿದ ನಾಲ್ಕೇ ದಿನಕ್ಕೆ ಸೆಳೆತ ಹಳೆಯ ಮಟ್ಟಕ್ಕೆ ಇಳಿಯಿತು.

ಎದೆಯಿಂದ ಕೆಳಗೆ ನನಗಿರುವ ಎಚ್ಚರಿಕೆಯ ಗಂಟೆ ಈ ಸೆಳೆತ ಒಂದೇ. ಅದಕ್ಕೇ ಬಿಗಿತ ಏಕಾಏಕಿ ಏರಿದರೆ ಮಷಿನ್ ಪಕ್ಕಕ್ಕಿಟ್ಟು ಮೊದಲು ಹುಡುಕುತ್ತೇನೆ. ಮೂತ್ರ ಕಲಕಿದೆಯಾ, ವಾಸನೆ ಇದೆಯಾ? ಮೂತ್ರದ ಸೋಂಕು ಮತ್ತು ಮೂತ್ರಚೀಲದ ಕಲ್ಲು ಸೆಳೆತವನ್ನು ಬೇಗ ಏರಿಸುತ್ತವೆ. ಹೊಟ್ಟೆ ಸರಿಯಾಗಿ ಹೋಗಿ ಎಷ್ಟು ದಿನವಾಯಿತು? ಕೂರುವ ಜಾಗದಲ್ಲಿ, ಬಾಲಮೂಳೆಯ ಹತ್ತಿರ, ಹಿಮ್ಮಡಿಯಲ್ಲಿ ಒತ್ತಡದ ಹುಣ್ಣು ಶುರುವಾಗಿದೆಯಾ? ಉಗುರು, ಬಿಗಿ ಶೂ, ಪ್ಯಾಂಟಿನ ದಪ್ಪ ಹೊಲಿಗೆ, ತೊಡೆಯ ಕೆಳಗೆ ಸಿಕ್ಕಿಕೊಂಡ ಯಾವುದಾದರೂ ವಸ್ತು? ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪು ಇರಬಹುದು, ಗೊತ್ತಾಗದೆ ಮುರಿದ ಮೂಳೆಯೂ ಇರಬಹುದು. ಆಗ ಮಷಿನ್ ಅಂತೂ ಬೇಡವೇ ಬೇಡ, ಕಾಲನ್ನು ಉಜ್ಜಲೂ ಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹುಡುಕಿದರೂ ಏನೂ ಸಿಗದೆ ಬಿಗಿತ ಏರುತ್ತಲೇ ಇದ್ದರೆ ಡಾಕ್ಟರಿಗೆ ಹೇಳಿ. ವರ್ಷಗಳ ನಂತರ ಬೆನ್ನುಹುರಿಯೊಳಗೆ ನೀರಿನ ಗುಳ್ಳೆ ಬೆಳೆದೂ ಹೀಗಾಗುವುದುಂಟು.

ಯಾರು ಬಳಸಬಾರದು

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಇರುವವರು, ಗರ್ಭಿಣಿಯರು, ಕಾಲಿನಲ್ಲಿ ಹೆಪ್ಪು ಇರುವವರು, ಪ್ಯಾಡ್ ಹಾಕುವ ಜಾಗದಲ್ಲಿ ಕ್ಯಾನ್ಸರ್ ಗೆಡ್ಡೆ, ಕೂಡದ ಮೂಳೆ ಅಥವಾ ಒಡೆದ ಚರ್ಮ ಇರುವವರು ಬಳಸಬಾರದು. ಮೂರ್ಛೆರೋಗ ಇದ್ದರೆ, ಹೊಟ್ಟೆಯಲ್ಲಿ ಬ್ಯಾಕ್ಲೋಫೆನ್ (ಬಿಗಿತ ಇಳಿಸುವ ಔಷಧಿ) ಪಂಪ್ ಅಥವಾ ಬೇರೆ ವಿದ್ಯುತ್ ಸಾಧನ ಕೂರಿಸಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕತ್ತಿನ ಮುಂಭಾಗಕ್ಕೆ ಮತ್ತು ಎದೆಗೆ ಅಡ್ಡಲಾಗಿ ಪ್ಯಾಡ್ ಯಾರಿಗೂ ಬೇಡ. ಸ್ನಾನದ ಮನೆಯಲ್ಲಿ, ಗಾಡಿ ಓಡಿಸುವಾಗ, ನಿದ್ದೆ ಮಾಡುವಾಗ ಮಷಿನ್ ಆಫ್ ಇರಬೇಕು.

ಮೂಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ಟಾದ ಮೊದಲ ಒಂದೆರಡು ವರ್ಷದಲ್ಲೇ ಕಾಲಿನ ಮೂಳೆ ತುಂಬಾ ಸವೆಯುತ್ತದೆ, ಮೊಣಕಾಲಿನ ಮೇಲೆ ಕೆಳಗಂತೂ ಜಾಸ್ತಿ. ಇಂಥ ಕಾಲನ್ನು ಬೆಲ್ಟ್ ಹಾಕಿ ಬಿಗಿದು ತೊಡೆಗೆ ಜೋರು ಕರೆಂಟ್ ಕೊಟ್ಟರೆ, ಸ್ನಾಯುವಿನ ಎಳೆತಕ್ಕೇ ಮೂಳೆ ಬಿರುಕು ಬಿಡಬಹುದು. ಗಾಯವಾಗಿ ತುಂಬಾ ವರ್ಷವಾದ ಮೇಲೆ ಶುರು ಮಾಡುತ್ತಿದ್ದರೆ ಮೂಳೆ ಸಾಂದ್ರತೆಯ ಸ್ಕ್ಯಾನ್ ಬೇಕಾ ಅಂತ ಮೊದಲು ಕೇಳಿ. ಕರೆಂಟ್ ಹೋಗುವಾಗ ಕಾಲು ಆರಾಮಾಗಿ ಆಡಲು ಜಾಗ ಬಿಡಿ.

ಎರಡು ಥರದ ಕರೆಂಟ್

ಮಷಿನ್ ಕೊಳ್ಳಲು ಹೋದಾಗ ಎರಡು ಹೆಸರು ಕಿವಿಗೆ ಬೀಳುತ್ತವೆ. ಒಂದು ಟೆನ್ಸ್, ಇನ್ನೊಂದು ಎನ್‌ಎಂಇಎಸ್. ಎರಡೂ ಒಂದೇ ಡಬ್ಬಿಯಲ್ಲಿ ಇರುವುದೂ ಉಂಟು.

ಟೆನ್ಸ್ ಅನ್ನುವುದು ಚರ್ಮದ ಕೆಳಗಿನ ಸಂವೇದನೆಯ ನರಗಳಿಗೆ. ಸ್ನಾಯು ಕುಣಿಯಬಾರದು, ಜುಮ್ ಅನ್ನಬೇಕು ಅಷ್ಟೇ. ನೋವಿಗೆ ಬಳಸುವುದು ಇದನ್ನೇ. ಬೆನ್ನುಹುರಿಗೆ ಒಂದೇ ಸಮನೆ ಒಂದು ಸಣ್ಣ ಸದ್ದು ಕಳಿಸುತ್ತಿದ್ದರೆ ಅದರ ಸಿಡುಕು ಸ್ವಲ್ಪ ಕಡಿಮೆಯಾಗುತ್ತದೆ ಅನ್ನುವುದು ಇದರ ಲೆಕ್ಕ. ಸ್ನಾಯುವನ್ನೇ ಬಿಗಿ ಮಾಡಿ ಬಿಡುವುದು ಎನ್‌ಎಂಇಎಸ್. ಅದೇ ಕರೆಂಟನ್ನು ಸೈಕಲ್ ತುಳಿಯುವುದು, ಹೆಜ್ಜೆ ಎತ್ತುವುದು ಮುಂತಾದ ಕೆಲಸಕ್ಕೆ ಜೋಡಿಸಿದರೆ ಎಫ್‌ಇಎಸ್ ಅನ್ನುತ್ತಾರೆ. 1961ರಲ್ಲಿ ಲಿಬರ್ಸನ್ ಅನ್ನುವ ವೈದ್ಯರು ಪಾರ್ಶ್ವವಾಯು ಆದವರ ಜೋತುಬಿದ್ದ ಪಾದವನ್ನು ಹೆಜ್ಜೆ ಹೆಜ್ಜೆಗೂ ಎತ್ತುವ ಸಣ್ಣ ಸಾಧನ ಮಾಡಿದ್ದು ಇದೇ ದಾರಿಯಲ್ಲಿ.

ಎನ್‌ಎಂಇಎಸ್‌ನಲ್ಲಿ ಎರಡು ತಂತ್ರ ಇವೆ. ಬಿಗಿಯಾದ ಸ್ನಾಯುವಿನ ಎದುರು ಸ್ನಾಯುವಿಗೆ ಕರೆಂಟ್ ಕೊಡುವುದು ಒಂದು. ಮೊಣಕೈ ಮಡಿಸುವಾಗ ತೋಳಿನ ಹಿಂದಿನ ಸ್ನಾಯು ತಾನಾಗಿ ಸಡಿಲವಾಗುತ್ತದೆ, ಅಲ್ವಾ? ಆ ಜೋಡಿ ವ್ಯವಸ್ಥೆ ಬೆನ್ನುಹುರಿಯಲ್ಲೇ ಇದೆ. ಶೆರಿಂಗ್ಟನ್ ಅನ್ನುವ ವಿಜ್ಞಾನಿ ಇದನ್ನು ಕಂಡು ವಿವರಿಸಿದರು. 1952ರಲ್ಲಿ ಲೆವಿನ್, ನಾಟ್ ಮತ್ತು ಕಬಾಟ್ ಎದುರು ಸ್ನಾಯುವಿಗೆ ಕರೆಂಟ್ ಕೊಟ್ಟು ಬಿಗಿತ ಸಡಿಲಿಸಿದ್ದನ್ನು ಬರೆದರು. ಇನ್ನೊಂದು ತಂತ್ರ, ಬಿಗಿಯಾದ ಸ್ನಾಯುವಿಗೇ ಕರೆಂಟ್ ಕೊಟ್ಟು ಅದನ್ನು ದಣಿಸುವುದು. ನನಗೆ ಮೀನಖಂಡದ ಬಿಗಿತಕ್ಕೆ ಮೊದಲನೆಯದು, ತೊಡೆಯ ಬಿಗಿತಕ್ಕೆ ಎರಡನೆಯದು ಒಗ್ಗಿದೆ. ನಿಮಗೆ ತಿರುಗಾಮುರುಗಾ ಆಗಬಹುದು. ಅದನ್ನು ಹೇಳುವುದು ನೋಟ್‌ಬುಕ್.

ಮೊದಲು ನೋಟ್‌ಬುಕ್

ಮಷಿನ್ ಮನೆಗೆ ಬಂದ ಮೇಲೂ ಎರಡು ವಾರ ಅದನ್ನು ಹಾಕಬೇಡಿ, ಸುಮ್ನೆ ಬರೆಯಿರಿ. ನನ್ನ ಫಿಸಿಯೊ ಹೀಗೆ ಹೇಳಿದಾಗ ಬೇಜಾರಾಗಿತ್ತು. ಈಗ ನಾನೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಬಿಗಿತ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಮೊದಲು ಎಷ್ಟಿತ್ತು ಅಂತ ಬರೆದಿಡದಿದ್ದರೆ ಒಳ್ಳೆಯ ದಿನ ಬಂದಾಗ ಮಷಿನ್‌ನಿಂದ ಅಂದುಕೊಳ್ಳುತ್ತೀರಿ, ಕೆಟ್ಟ ದಿನ ಬಂದಾಗಲೂ ಮಷಿನ್‌ನಿಂದಲೇ ಅಂದುಕೊಳ್ಳುತ್ತೀರಿ.

ನಾನು ದಿನಕ್ಕೆ ಮೂರು ಸಾಲು ಬರೆಯುತ್ತೇನೆ. ಒಂದು, ಸೆಳೆತದ ಸಂಖ್ಯೆ. ಇದಕ್ಕೆ ಪೆನ್ (Penn) ಅನ್ನುವ ವೈದ್ಯರ ಹೆಸರಿನ ಅಳತೆ ಇದೆ. ಸೆಳೆತವೇ ಇಲ್ಲದಿದ್ದರೆ 0. ಮುಟ್ಟಿದರೆ, ಅಲುಗಾಡಿಸಿದರೆ ಮಾತ್ರ ಸಣ್ಣದಾಗಿ ಬಂದರೆ 1. ಜೋರಾಗಿ ಬಂದರೂ ಗಂಟೆಗೊಂದಕ್ಕಿಂತ ಕಡಿಮೆ ಇದ್ದರೆ 2. ಗಂಟೆಗೊಂದಕ್ಕಿಂತ ಜಾಸ್ತಿ ಆದರೆ 3. ಗಂಟೆಗೆ ಹತ್ತಕ್ಕಿಂತ ಜಾಸ್ತಿ ಆದರೆ 4. ಎರಡು, ರಾತ್ರಿ ಸೆಳೆತದಿಂದ ಎಷ್ಟು ಸಲ ಎಚ್ಚರವಾಯಿತು. ಮೂರು, ತಮ್ಮ ನನ್ನ ಬಲಪಾದವನ್ನು ಮೇಲಕ್ಕೆ ತಳ್ಳಿದಾಗ ಕುಣಿತ ಎಷ್ಟು ಸೆಕೆಂಡ್ ಇತ್ತು. ಇದನ್ನು ದಿನಾ ಒಂದೇ ಹೊತ್ತಿಗೆ, ಒಂದೇ ಭಂಗಿಯಲ್ಲಿ ನೋಡಬೇಕು. ಫಿಸಿಯೊ ಬೇರೆ ಅಳತೆ ಹಾಕುತ್ತಾರೆ, ಆಶ್‌ವರ್ತ್ ಅಂತ. ಕೀಲನ್ನು ಆಡಿಸುವಾಗ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ 0ಯಿಂದ 4ರವರೆಗೆ ಅಂಕ. ಅದು ಅವರ ಕೈಗೆ ಗೊತ್ತಾಗುವಂಥದ್ದು. ಮನೆಯಲ್ಲಿ ನಮಗೆ ನಿದ್ದೆಯ ಲೆಕ್ಕವೇ ಸಾಕು.

ಎರಡು ವಾರ ಕಳೆದ ಮೇಲೆ ಮಷಿನ್ ಶುರು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಜಾಗ ಬದಲಿಸಿದ ವಾರ ಕರೆಂಟ್ ಬದಲಿಸಬೇಡಿ, ಮಾತ್ರೆಯನ್ನಂತೂ ಮುಟ್ಟಲೇಬೇಡಿ.

ಪಾದದ ಕುಣಿತಕ್ಕೆ ನಾನು ಮಾಡುವ ಕ್ರಮ

ಬೆನ್ನಿಗೆ ದಿಂಬು ಕೊಟ್ಟು ಹಾಸಿಗೆಯಲ್ಲಿ ಕೂರುತ್ತೇನೆ. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್. ಕ್ಯಾಥೆಟರ್ (ಮೂತ್ರ ಹೊರಗೆ ಬರುವ ಟ್ಯೂಬ್) ಮಡಚಿಕೊಂಡಿಲ್ಲ, ಅದರ ಚೀಲ ತುಂಬಿಲ್ಲ ಅಂತ ಮೊದಲು ನೋಡುತ್ತೇನೆ. ಕಾಲಿನ ಚರ್ಮವನ್ನು ಸೋಪು ನೀರಲ್ಲಿ ಒರೆಸಿ ಒಣಗಿಸುತ್ತೇನೆ. ಎಣ್ಣೆ, ಕ್ರೀಮ್ ಇದ್ದರೆ ಪ್ಯಾಡ್ ಹಿಡಿಯುವುದಿಲ್ಲ. ಕೂದಲು ದಟ್ಟವಾಗಿದ್ದರೆ ಕತ್ತರಿಯಲ್ಲಿ ಚಿಕ್ಕದು ಮಾಡಿ, ರೇಜರ್ ಬೇಡ. ರೇಜರ್‌ನ ಕಣ್ಣಿಗೆ ಕಾಣದ ಗೀರಿನಲ್ಲಿ ಕರೆಂಟ್ ಒಟ್ಟಾಗಿ ನುಗ್ಗುತ್ತದೆ.

ಈಗ ಜಾಗ. ಮೊಣಕಾಲಿನ ಹೊರಬದಿಯಲ್ಲಿ, ಚಿಪ್ಪಿನಿಂದ ಸ್ವಲ್ಪ ಕೆಳಗೆ, ಬೆರಳಾಡಿಸಿದರೆ ಒಂದು ಮೂಳೆಯ ಗುಬ್ಬಿ (ಉಬ್ಬು) ಸಿಗುತ್ತದೆ. ಅದರ ಹಿಂಬದಿಯಿಂದ ಸುತ್ತಿಕೊಂಡು ಒಂದು ನರ ಮುಂದಕ್ಕೆ ಬರುತ್ತದೆ. ಪಾದವನ್ನು ಮೇಲೆತ್ತುವುದು ಆ ನರವೇ. ಮೊದಲ ಪ್ಯಾಡ್ ಆ ಗುಬ್ಬಿಯ ಕೆಳಗೆ, ಸ್ವಲ್ಪ ಮುಂದಕ್ಕೆ. ಎರಡನೆಯದು ಮೊಣಕಾಲಿಗೂ ಪಾದಕ್ಕೂ ನಡುವೆ, ಮುಂಗಾಲ ಮೂಳೆಯ ಹೊರಬದಿಯ ಮಾಂಸದ ಮೇಲೆ. ಮೂಳೆಯ ಏಣಿನ ಮೇಲೆ ಬೇಡ. ಪ್ಯಾಡ್ ಕನಿಷ್ಠ 5 ಸೆಂಟಿಮೀಟರ್ ಚೌಕದ್ದಿರಲಿ. ಚಿಕ್ಕದಾದಷ್ಟೂ ಅದೇ ಕರೆಂಟ್ ಚರ್ಮದ ಸಣ್ಣ ಜಾಗದಲ್ಲಿ ಸುಡುತ್ತದೆ.

ಮಷಿನ್‌ನಲ್ಲಿ ನನ್ನ ಅಂಕಿಗಳು ಇವು. ಆವರ್ತನ 35 ಹರ್ಟ್ಜ್. ಮಿಡಿತದ ಅಗಲ 300 ಮೈಕ್ರೋಸೆಕೆಂಡ್. 6 ಸೆಕೆಂಡ್ ಆನ್, 18 ಸೆಕೆಂಡ್ ಆಫ್. ಅಲೆ ಎರಡೂ ದಿಕ್ಕಿಗೆ ಸಮನಾಗಿ ಹೋಗುವ ಬೈಫೇಸಿಕ್ ಇರಬೇಕು. ಒಂದೇ ದಿಕ್ಕಿನ ನೇರ ಕರೆಂಟ್ ಚರ್ಮ ಸುಡುತ್ತದೆ, ಒಳಗೆ ರಾಡ್, ಸ್ಕ್ರೂ ಇದ್ದವರಿಗೆ ಅದು ಇನ್ನೂ ಅಪಾಯ. ಎಲ್ಲಕ್ಕಿಂತ ಮುಖ್ಯವಾದದ್ದು ಏರುವ ಸಮಯ, ಮಷಿನ್‌ನಲ್ಲಿ ರಾಂಪ್ ಅಂತ ಬರೆದಿರುತ್ತದೆ. ನಾನು 3 ಸೆಕೆಂಡ್ ಇಡುತ್ತೇನೆ. ಕರೆಂಟ್ ಫಕ್ಕನೆ ಏರಿದರೆ ಪಾದ ಫಕ್ಕನೆ ಮೇಲೇಳುತ್ತದೆ. ಮೀನಖಂಡ ಸರ‍್ರನೆ ಎಳೆಯಲ್ಪಟ್ಟು ಕುಣಿತ ಅಲ್ಲೇ ಶುರುವಾಗುತ್ತದೆ. ಯಾವುದನ್ನು ನಿಲ್ಲಿಸಲು ಕೂತಿದ್ದೆವೋ ಅದನ್ನೇ ಕೈಯಾರೆ ಎಬ್ಬಿಸಿದ ಹಾಗೆ. ‘ಮಷಿನ್ ಹಾಕಿದ್ರೆ ನಂಗೆ ಸೆಳೆತ ಜಾಸ್ತಿ ಆಗತ್ತೆ’ ಅಂದ ಇಬ್ಬರ ಮನೆಯಲ್ಲಿ ನಾನು ಕಂಡದ್ದು ಅರ್ಧ ಸೆಕೆಂಡಿನ ರಾಂಪ್.

ಕರೆಂಟನ್ನು ಸೊನ್ನೆಯಿಂದ ಒಂದೊಂದೇ ಮಿಲಿಆಂಪ್ ಏರಿಸಿ, ಕಣ್ಣು ಪಾದದ ಮೇಲೇ ಇರಲಿ. ಮೊದಲು ಮುಂಗಾಲಿನ ತಂತಿಯಂಥ ಸ್ನಾಯು ಎದ್ದು ಕಾಣುತ್ತದೆ. ಆಮೇಲೆ ಹೆಬ್ಬೆರಳು ಅಲುಗುತ್ತದೆ. ಆಮೇಲೆ ಪಾದ ನಿಧಾನಕ್ಕೆ ಮೇಲೆ ಬರುತ್ತದೆ. ಐದು ವರ್ಷವಾದರೂ ಆ ಗಳಿಗೆಯಲ್ಲಿ ನನ್ನ ಕಣ್ಣು ಅಲ್ಲಿಂದ ಕದಲುವುದಿಲ್ಲ. ನನ್ನದೇ ಪಾದ, ನಾನೇ ಒತ್ತಿದ ಗುಂಡಿ, ಅದು ಎದ್ದು ನಿಂತು ಮತ್ತೆ ಮೆತ್ತಗೆ ಇಳಿಯುತ್ತದೆ. ಪಾದ ಹೊರಕ್ಕೆ ತಿರುಗುತ್ತಿದ್ದರೆ ಕೆಳಗಿನ ಪ್ಯಾಡನ್ನು ಮುಂಗಾಲ ಮೂಳೆಯ ಕಡೆಗೆ ಒಂದು ಬೆರಳಷ್ಟು ಸರಿಸಿ. ಒಳಕ್ಕೆ ತಿರುಗುತ್ತಿದ್ದರೆ ಮೇಲಿನ ಪ್ಯಾಡನ್ನು ಗುಬ್ಬಿಯ ಹತ್ತಿರಕ್ಕೆ ತನ್ನಿ. ಸರಿಸುವಾಗ ಪ್ರತಿ ಸಲವೂ ಕರೆಂಟ್ ಸೊನ್ನೆಗೆ. ಮೊಣಕಾಲು, ಸೊಂಟ ಎಲ್ಲ ಮಡಿಸಿಕೊಂಡು ಕಾಲು ಹಿಂದಕ್ಕೆ ಸೆಳೆದುಕೊಂಡರೆ ಕರೆಂಟ್ ಜಾಸ್ತಿಯಾಗಿದೆ ಅಂತ ಅರ್ಥ. ಮುಳ್ಳು ತುಳಿದಾಗ ಕಾಲು ಎಳೆದುಕೊಳ್ಳುವ ಪ್ರತಿಕ್ರಿಯೆ ಅದು. ಇಳಿಸಿ. ಸರಿಯಾದ ಜಾಗ ಸಿಕ್ಕಿದ ಮೇಲೆ ಪೆನ್ನಿನಲ್ಲಿ ಪ್ಯಾಡಿನ ಸುತ್ತ ಗೆರೆ ಎಳೆದು ಫೋಟೊ ತೆಗೆದಿಡಿ. ಬೇರೆಯವರು ಅಂಟಿಸುವ ದಿನ ಅದು ಬೇಕಾಗುತ್ತದೆ.

ಮೊದಲ ವಾರ 10 ನಿಮಿಷ ಸಾಕು. ಬಳಸದೆ ಬಿಟ್ಟ ಸ್ನಾಯು ಬೇಗ ದಣಿಯುತ್ತದೆ. ಐದನೇ ನಿಮಿಷಕ್ಕೇ ಪಾದ ಅರ್ಧಕ್ಕೆ ನಿಂತರೆ ಕರೆಂಟ್ ಏರಿಸುವ ಆಸೆ ಬರುತ್ತದೆ. ಏರಿಸಬೇಡಿ, ಅಲ್ಲಿಗೇ ನಿಲ್ಲಿಸಿ. ನಾನು 20 ನಿಮಿಷಕ್ಕೆ ಬರಲು ಎರಡು ತಿಂಗಳು ತೆಗೆದುಕೊಂಡೆ. ಈಗ ವಾರಕ್ಕೆ ಐದು ದಿನ.

ತೊಡೆಯದ್ದು ಚಿಕ್ಕದಾಗಿ ಹೇಳುತ್ತೇನೆ. ದೊಡ್ಡ ಪ್ಯಾಡ್, ಒಂದು ತೊಡೆಯ ಮೇಲ್ಭಾಗದಲ್ಲಿ ಸ್ವಲ್ಪ ಹೊರಗೆ, ಇನ್ನೊಂದು ಮೊಣಕಾಲಿನ ಮೇಲೆ ಸ್ವಲ್ಪ ಒಳಗೆ. ಅಂಕಿಗಳು ಅವೇ. ಹಿಮ್ಮಡಿ ಹಾಸಿಗೆಯಿಂದ ನಾಲ್ಕು ಬೆರಳು ಎದ್ದರೆ ಸಾಕು.

ಟೆನ್ಸ್ ಹಾಕುವುದು ರಾತ್ರಿ ಮಲಗುವ ಮುಂಚೆ, 100 ಹರ್ಟ್ಜ್, 200 ಮೈಕ್ರೋಸೆಕೆಂಡ್, 45 ನಿಮಿಷ, ಅದೇ ಮೊಣಕಾಲ ಹೊರಬದಿಯ ನರದ ಮೇಲೆ. ‘ಜುಮ್ ಅನ್ನುವಷ್ಟು’ ಅಂತ ಪುಸ್ತಿಕೆಯಲ್ಲಿ ಬರೆದಿರುತ್ತದೆ. ಜುಮ್ ಅನ್ನುವುದೇ ಗೊತ್ತಾಗದ ನಮ್ಮಂಥವರು ಏನು ಮಾಡಬೇಕು? ಸ್ನಾಯು ಸಣ್ಣಗೆ ಅದುರುವುದು ಕಾಣುವವರೆಗೆ ಏರಿಸಿ, ಆಮೇಲೆ ಅದುರು ನಿಲ್ಲುವವರೆಗೆ ಇಳಿಸಿ. ಅದೇ ನಮ್ಮ ಮಟ್ಟ. ಮಷಿನ್ ಸರಿ ಇದೆಯಾ ಅಂತ ಅನುಮಾನ ಬಂದರೆ ನಾನು ಎರಡೂ ಪ್ಯಾಡನ್ನು ಒಂದೇ ಮುಂಗೈಗೆ ಅಂಟಿಸಿ ನೋಡುತ್ತೇನೆ. ಅಲ್ಲಿ ನನಗೆ ಸ್ಪರ್ಶ ಇದೆ.

ಚರ್ಮ

ಮೊದಲ ವರ್ಷ ಒಂದು ಜೋಡಿ ಪ್ಯಾಡನ್ನು ತಿಂಗಳುಗಟ್ಟಲೆ ಬಳಸಿದೆ. ಅಂಟು ಹೋಗಿತ್ತು, ಮೇಲೆ ಟೇಪ್ ಹಾಕುತ್ತಿದ್ದೆ. ಒಂದು ದಿನ ಪ್ಯಾಡಿನ ಮೂರು ಮೂಲೆ ಎದ್ದು, ನಡುವೆ ಒಂದು ನಾಣ್ಯದಷ್ಟು ಜಾಗ ಮಾತ್ರ ಚರ್ಮಕ್ಕೆ ತಾಗಿತ್ತು. ಇಡೀ ಕರೆಂಟ್ ಅಲ್ಲಿಂದಲೇ ಹೋಯಿತು. ನನಗೆ ಗೊತ್ತಾಗಲಿಲ್ಲ. ಪ್ಯಾಡ್ ಬಿಡಿಸಿದಾಗ ಅದೇ ನಾಣ್ಯದ ಆಕಾರಕ್ಕೆ ಗುಳ್ಳೆ ಎದ್ದಿತ್ತು. ವಾಸಿಯಾಗಲು ಐದು ವಾರ ಬೇಕಾಯಿತು, ಅಷ್ಟೂ ದಿನ ಆ ಕಾಲಿಗೆ ಮಷಿನ್ ಇಲ್ಲ.

ಅಂದಿನಿಂದ ಪ್ರತಿ ಪ್ಯಾಡಿನ ಬೆನ್ನ ಮೇಲೆ ಬಳಸಲು ಶುರು ಮಾಡಿದ ತಾರೀಖು ಬರೆಯುತ್ತೇನೆ. ಅಂಟು ಪ್ಯಾಡ್ 20–30 ಸಲ ಬರುತ್ತದೆ, ಆಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಬಿಸಾಡುತ್ತೇನೆ. ಅಂಟು ಒಣಗಿದ್ದರೆ ಒಂದು ಹನಿ ನೀರು ಸವರುತ್ತೇನೆ. ಶುರುವಾದ ಐದು ನಿಮಿಷಕ್ಕೆ ನಿಲ್ಲಿಸಿ, ಮೂಲೆ ಎತ್ತಿ ನೋಡುತ್ತೇನೆ. ಮುಗಿದ ಮೇಲೆ ಪ್ಯಾಡಿನ ಆಕಾರದಲ್ಲಿ ತೆಳು ಗುಲಾಬಿ ಬಣ್ಣ ಕಂಡರೆ ಸಹಜ, ಕಪ್ಪು ಚರ್ಮದಲ್ಲಿ ಅದು ಸ್ವಲ್ಪ ಗಾಢವಾಗಿ, ಬೆಚ್ಚಗೆ ಇರುತ್ತದೆ. ಅರ್ಧ ಗಂಟೆಯಲ್ಲಿ ಹೋಗಬೇಕು. ಹೋಗದಿದ್ದರೆ, ಚುಕ್ಕೆ ಚುಕ್ಕೆ ಇದ್ದರೆ, ಗುಳ್ಳೆ ಬಂದರೆ ಚರ್ಮ ಪೂರ್ತಿ ಸರಿಹೋಗುವವರೆಗೆ ಆ ಜಾಗ ಬಿಟ್ಟುಬಿಡಿ.

ಟಿ6 ಮತ್ತು ಅದರ ಮೇಲಿನ ಗಾಯದವರು ಇದನ್ನು ಎರಡು ಸಲ ಓದಿ

ಒಂದು ಮಧ್ಯಾಹ್ನ ತೊಡೆಗೆ ಕರೆಂಟ್ ಹೋಗುತ್ತಿತ್ತು. ಹತ್ತು ನಿಮಿಷವೂ ಆಗಿರಲಿಲ್ಲ. ತಲೆ ಧಿಂ ಅನ್ನಲು ಶುರುವಾಯಿತು. ಮುಖ ಕೆಂಪಾಯಿತು, ಹಣೆಯಿಂದ ಬೆವರು. ಎದೆಯಿಂದ ಕೆಳಗೆ ಚರ್ಮ ತಣ್ಣಗೆ, ರೋಮ ನೆಟ್ಟಗೆ. ಬಿಪಿ ನೋಡಿದರೆ ಮೇಲಿನ ಅಂಕಿ 156. ನನ್ನದು ಮಾಮೂಲಾಗಿ ನೂರರ ಆಸುಪಾಸು. ಇದೇ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಕೆಳಗಿನಿಂದ ಬಂದ ಯಾವುದೋ ಕಿರಿಕಿರಿಗೆ ರಕ್ತನಾಳಗಳೆಲ್ಲ ಬಿಗಿಯಾಗಿ ಒತ್ತಡ ಏರುತ್ತದೆ, ಮೆದುಳು ಕಳಿಸುವ ‘ಸಡಿಲಿಸು’ ಅನ್ನುವ ಮಾತು ಗಾಯದ ಕೆಳಗೆ ಇಳಿಯುವುದಿಲ್ಲ. ಬಿಟ್ಟರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು, ಜೀವಕ್ಕೇ ಅಪಾಯ.

ಮೇಲಿನ ಅಂಕಿ ಮಾಮೂಲಿಗಿಂತ 20 ಏರಿದರೂ ಹುಷಾರಾಗಿ. ತಕ್ಷಣ ಮಷಿನ್ ಆಫ್ ಮಾಡಿ. ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಬಿಡಿಸಿ, ಮಲಗಿಸಬೇಡಿ. ಬೆಲ್ಟ್, ಬಿಗಿ ಬಟ್ಟೆ ಸಡಿಲಿಸಿ. ಕ್ಯಾಥೆಟರ್ ಮಡಚಿದೆಯಾ, ಮೂತ್ರಚೀಲ ತುಂಬಿದೆಯಾ ನೋಡಿ, ಆಮೇಲೆ ಹೊಟ್ಟೆ, ಚರ್ಮ. ಕೆಲವೇ ನಿಮಿಷಕ್ಕೊಮ್ಮೆ ಬಿಪಿ. ಕಾರಣ ಸಿಗದೆ ಬಿಪಿ ಇಳಿಯದಿದ್ದರೆ ಕಾಯಬೇಡಿ, ಆಂಬುಲೆನ್ಸ್ ಕರೆಸಿ. ಅವತ್ತು ನನ್ನ ತೊಡೆಯ ಕೆಳಗೆ ಟ್ಯೂಬ್ ಮಡಚಿಕೊಂಡಿತ್ತು. ಬಿಡಿಸಿದ ಮೇಲೆ ಹತ್ತು ನಿಮಿಷಕ್ಕೆ ತಲೆ ಹಗುರಾಯಿತು. ಮಷಿನ್ ಹಾಕುವಾಗ ಈಗಲೂ ನಾನು ಮನೆಯಲ್ಲಿ ಒಬ್ಬಳೇ ಇರುವುದಿಲ್ಲ, ಬಿಪಿ ಪಟ್ಟಿ ಕೈಗೆಟುಕುವ ಹಾಗೆ ಇರುತ್ತದೆ.

ಎಷ್ಟು ಸಿಗುತ್ತದೆ

ನೋಟ್‌ಬುಕ್ ಹೇಳುವುದು ಹೀಗಿದೆ. ಮಷಿನ್ ಇಲ್ಲದ ಆ ಮೊದಲ ಎರಡು ವಾರ ಪೆನ್ ಅಳತೆಯಲ್ಲಿ ಹೆಚ್ಚಿನ ದಿನ 3, ರಾತ್ರಿ ಎಚ್ಚರ ನಾಲ್ಕೈದು ಸಲ. ಮೂರು ತಿಂಗಳ ನಂತರ ಹೆಚ್ಚಿನ ದಿನ 2, ಎಚ್ಚರ ಒಂದೆರಡು ಸಲ. ಪಾದದ ಕುಣಿತ ನಿಂತೇ ಹೋಗಿಲ್ಲ, ಆದರೆ ಹತ್ತಾರು ಸೆಕೆಂಡ್ ಇದ್ದದ್ದು ನಾಲ್ಕೈದಕ್ಕೆ ಬಂದಿದೆ. ಒಂದು ಸಲ ಹಾಕಿದರೆ ಸಡಿಲ ಇರುವುದು ನನಗೆ ಎರಡು ಮೂರು ಗಂಟೆ. ಬಿಟ್ಟರೆ ವಾರದಲ್ಲಿ ಹಳೆಯದಕ್ಕೇ ವಾಪಸ್. ಇದು ವಾಸಿ ಮಾಡುವುದಿಲ್ಲ, ದಿನಕ್ಕೆ ಕೆಲವು ಗಂಟೆ ಕೊಡುತ್ತದೆ. ಆ ಗಂಟೆಗಳು ನನಗೆ ತುಂಬಾ ದೊಡ್ಡವು. ಆರು ವಾರ ಸರಿಯಾಗಿ ಮಾಡಿಯೂ ನಿಮ್ಮ ಬರಹದಲ್ಲಿ ಏನೂ ಬದಲಾಗದಿದ್ದರೆ ಜಾಗವನ್ನೋ ತಂತ್ರವನ್ನೋ ಬದಲಿಸಿ ಇನ್ನೊಂದು ಸಲ ನೋಡಿ. ಆಗಲೂ ಇಲ್ಲವೆಂದರೆ ನಿಲ್ಲಿಸಿ. ಕೆಲವರಿಗೆ ಇದು ಒಗ್ಗುವುದಿಲ್ಲ, ಅದು ನಿಮ್ಮ ತಪ್ಪಲ್ಲ.

ಮಾತ್ರೆಯ ಬಗ್ಗೆ ಒಂದು ಮಾತು. ಸೆಳೆತ ಕಡಿಮೆಯಾಯಿತು ಅಂತ ಬ್ಯಾಕ್ಲೋಫೆನ್ ನೀವೇ ನಿಲ್ಲಿಸಬೇಡಿ. ಅದನ್ನು ಥಟ್ಟನೆ ಬಿಟ್ಟರೆ ಇಲ್ಲದ್ದು ಕಾಣಿಸುವುದು, ಫಿಟ್ಸ್, ಜೋರು ಜ್ವರ ಬರಬಹುದು. ನನ್ನ ಡೋಸ್ ಇಳಿದಿದೆ, ಆದರೆ ಡಾಕ್ಟರ್ ಬರೆದುಕೊಟ್ಟ ಹಾಗೆ, ವಾರ ವಾರ ಸ್ವಲ್ಪ ಸ್ವಲ್ಪವೇ.

ಬೆನ್ನಿನ ಮೇಲೆ ಪ್ಯಾಡ್ ಇಟ್ಟು ಬೆನ್ನುಹುರಿಗೇ ಕರೆಂಟ್ ಕೊಡುವ ವಿಧಾನದ ಬಗ್ಗೆ ತುಂಬಾ ಜನ ಕೇಳುತ್ತಾರೆ. 2014ರಲ್ಲಿ ಹಾಫ್‌ಸ್ಟೆಟರ್ ಮತ್ತು ಸಂಗಡಿಗರು ಬೆನ್ನಿನ ಟಿ11–ಟಿ12 ಮಟ್ಟದಲ್ಲಿ ಮತ್ತು ಹೊಟ್ಟೆಯ ಮೇಲೆ ಪ್ಯಾಡ್ ಇಟ್ಟು 50 ಹರ್ಟ್ಜ್ ಅನ್ನು 30 ನಿಮಿಷ ಕೊಟ್ಟು ಬಿಗಿತ ಇಳಿದದ್ದನ್ನು ತೋರಿಸಿದರು. ಅದರಲ್ಲಿದ್ದವರು ಮೂರೇ ಜನ. ಭರವಸೆಯ ದಾರಿ ಅಂತ ನನಗೂ ಅನ್ನಿಸುತ್ತದೆ, ಆದರೆ ಮನೆಯಲ್ಲಿ ನಾವೇ ಮಾಡಿಕೊಳ್ಳುವಂಥದ್ದಲ್ಲ.

ಹೊತ್ತು ಯಾವುದು

ಬಿಗಿತವೂ ಉಪಯೋಗಕ್ಕೆ ಬರುತ್ತದೆ ಅನ್ನುವುದನ್ನು ನಾನು ನೆಲಕ್ಕೆ ಬಿದ್ದ ದಿನ ತಿಳಿದೆ. ತೊಡೆಗೆ 20 ನಿಮಿಷ ಕೊಟ್ಟು, ಪ್ಯಾಡ್ ತೆಗೆದ ಕೂಡಲೇ ಹಾಸಿಗೆಯಿಂದ ಕುರ್ಚಿಗೆ ದಾಟಲು ಹೊರಟೆ. ದಿನಾ ಆ ಹೊತ್ತಿಗೆ ಕಾಲು ತಾನಾಗಿ ನೆಟ್ಟಗಾಗಿ ನನ್ನ ಭಾರದಲ್ಲಿ ಸ್ವಲ್ಪವನ್ನು ಹೊರುತ್ತಿತ್ತು. ಅವತ್ತು ಬಟ್ಟೆಯ ಹಾಗೆ ಮಡಿಸಿಕೊಂಡಿತು. ತಮ್ಮ ಹಿಡಿದುಕೊಂಡಿದ್ದರಿಂದ ನಿಧಾನಕ್ಕೆ ಕುಸಿದೆ, ಏನೂ ಮುರಿಯಲಿಲ್ಲ.

ಅದಕ್ಕೇ ಈಗ ದಾಟುವುದು ಮೊದಲು, ತೊಡೆಯ ಮಷಿನ್ ಆಮೇಲೆ. ಪಾದದ್ದನ್ನು ಬೆಳಿಗ್ಗೆ, ಶೂ ಹಾಕುವ ಅರ್ಧ ಗಂಟೆ ಮುಂಚೆ. ಕರೆಂಟ್ ಸೊನ್ನೆಗೆ ಇಳಿಸಿ, ಮಷಿನ್ ಆಫ್ ಮಾಡಿ, ಪ್ಯಾಡನ್ನು ಮೂಲೆಯಿಂದ ಬಿಡಿಸಿ ಪ್ಲಾಸ್ಟಿಕ್ ಹಾಳೆಗೆ ಅಂಟಿಸುತ್ತೇವೆ, ವೈರ್ ಹಿಡಿದು ಎಳೆಯುವುದಿಲ್ಲ. ಆಮೇಲೆ ತಮ್ಮ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ತನ್ನ ಮುಂಗೈಯಿಂದ ಪಾದವನ್ನು ನಿಧಾನಕ್ಕೆ ಮೇಲೆ ಒತ್ತಿ ಒಂದು ನಿಮಿಷ ಹಿಡಿಯುತ್ತಾನೆ, ಮೂರು ಸಲ. ಕೀಲು ಗಟ್ಟಿಯಾಗದಿರಲಿ ಅಂತ ಸಡಿಲ ಇರುವಾಗಲೇ ಹೀಗೆ ಹಿಗ್ಗಿಸುತ್ತೇವೆ. ಮೂರನೇ ಸಲಕ್ಕೆ ಪಾದ ಎಷ್ಟು ಬಂತು ಅಂತ ಅವನು ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಆಮೇಲೆ ಶೂ.